ಇನ್ನೊಂದು ರೀಲು

ಚಿಕ್ಕಪ್ಪನ ಕ್ಯಾಮೆರಾದ ಚರ್ಮದ ಚೀಲ ಕಂದು ಬಣ್ಣದ್ದು ಎಂದು ಯಾರು ಕೇಳಿದ್ದರೂ ಆಣೆಯಿಟ್ಟು ಹೇಳುತ್ತಿದ್ದೆ. ಈಗ ಅದು ನನ್ನ ಊಟದ ಮೇಜಿನ ಮೇಲೆ ಕೂತಿದೆ. ಕಪ್ಪು. ವಯಸ್ಸಾಗಿ ಕಪ್ಪಾದದ್ದಲ್ಲ, ಹುಟ್ಟಾ ಕಪ್ಪು. ಆದ್ದರಿಂದ ಮುಂದೆ ಹೇಳುವುದರಲ್ಲಿ ಕೆಲವು ವಿವರಗಳು ತಪ್ಪಿರಬಹುದೆಂದು ಈಗಲೇ ಒಪ್ಪಿಕೊಂಡುಬಿಡುತ್ತೇನೆ. ದಿನಾ ಡೈರಿ ಬರೆಯುವವಳು ನಾನು. ಹಾಗಂತ ಹೆಚ್ಚು ನಂಬಬೇಡಿ. ನನ್ನ ನೆನಪಿನ ಮೇಲೆ ನನಗೇ ನಂಬಿಕೆಯಿಲ್ಲದೆ ಶುರುಮಾಡಿಕೊಂಡ ಅಭ್ಯಾಸ ಅದು. ಚೀಲದ ವಾಸನೆ ಮಾತ್ರ ಬದಲಾಗಿಲ್ಲ. ಚಪ್ಪಲಿ ಅಂಗಡಿಯೊಳಗೆ ಯಾರೋ ನ್ಯಾಫ್ತಲಿನ್ ಗುಂಡು ಉರುಳಿಸಿದಂಥ ವಾಸನೆ.

ಆ ವಾಸನೆ ಬಂತೆಂದರೆ ಯಡಿಯೂರಿನ ನಮ್ಮ ಮನೆಯಲ್ಲಿ ಏನೋ ವಿಶೇಷವಿದೆ ಎಂದರ್ಥ. ನಾಮಕರಣವೋ ಸೀಮಂತವೋ ಇದ್ದ ದಿನ ಚಿಕ್ಕಪ್ಪ ಕ್ಯಾಮೆರಾವನ್ನು ಕುತ್ತಿಗೆಗೆ ಹಾಕಿಕೊಂಡು, ಫ್ಲ್ಯಾಶನ್ನು ಅದರ ನೆತ್ತಿಗೆ ಸಿಕ್ಕಿಸಿ, ಪುರೋಹಿತರಿಗೇ ಅಪ್ಪಣೆ ಕೊಡುವಷ್ಟು ದೊಡ್ಡವನಾಗಿಬಿಡುತ್ತಿದ್ದ. ಒಂದು ರೀಲಿಗೆ ಮೂವತ್ತಾರು ಫೋಟೋ. ಮನೆಯಲ್ಲಿ ಮಕ್ಕಳೇ ಒಂದು ದಂಡು, ಅಕ್ಕಪಕ್ಕದವು ಬೇರೆ. ಎಲ್ಲರೂ ಸಾಲಾಗಿ ನಿಂತು ಹಲ್ಲು ಕಿರಿಯುತ್ತಿದ್ದೆವು, ಕಣ್ಣು ಕೋರೈಸುವಂತೆ ಬೆಳಕು ಬೀಳುತ್ತಿತ್ತು, ಓಡಿಹೋಗುತ್ತಿದ್ದೆವು. ಹದಿನೈದು ದಿನ ಬಿಟ್ಟು ಫೋಟೋಗಳು ಬಂದಾಗ ಅವುಗಳಲ್ಲಿ ನಾವಿರುತ್ತಿರಲಿಲ್ಲ. ಅತ್ತೆ-ಮಾವಂದಿರು ಇರುತ್ತಿದ್ದರು, ಹೋಮದ ಹೊಗೆ ಇರುತ್ತಿತ್ತು.

“ನಮ್ದೆಲ್ಲಿ ಚಿಕ್ಕಪ್ಪ?”

“ಅದು ಇನ್ನೊಂದು ರೀಲಲ್ಲಿದೆ ಪುಟ್ಟಿ. ಇನ್ನೂ ತೊಳೆಸಿಲ್ಲ.”

ಇದನ್ನು ನಾವು ಪೂರ್ತಿ ನಂಬಿದ್ದೆವು. ಇನ್ನೊಂದು ರೀಲು ಎಂಬುದು ಎಲ್ಲೋ ಒಂದು ಕಡೆ ಇದೆ, ಅದರಲ್ಲಿ ನಾವೆಲ್ಲ ಹಬ್ಬದ ಬಟ್ಟೆ ಹಾಕಿಕೊಂಡು ಕಾಯುತ್ತಾ ನಿಂತಿದ್ದೇವೆ ಎಂದುಕೊಂಡಿದ್ದೆ. ಓದಿ ಡಿಗ್ರಿ ತೆಗೆದುಕೊಂಡ ಮೇಲೂ ಅದನ್ನು ಪೂರ್ತಿ ಕೈಬಿಟ್ಟೆ ಎಂದು ಹೇಳಲಾರೆ. ಅದಕ್ಕೆ ಕಾರಣ ಅಜ್ಜಿ.

ಅಜ್ಜಿಗೆ ಫೋಟೋ ಎಂದರೆ ಆಗುತ್ತಿರಲಿಲ್ಲ. ಗೋಡೆಯ ಮೇಲಿರುವುದು ಯಾವುದೋ ಅರ್ಜಿಗೆ ತೆಗೆಸಿದ್ದನ್ನು ದೊಡ್ಡದು ಮಾಡಿಸಿದ್ದು. ಅದರಲ್ಲಿ ಅವಳು ಸಾಲ ಕೊಡಲು ಒಪ್ಪದ ಬ್ಯಾಂಕ್ ಮ್ಯಾನೇಜರನಂತೆ ಕಾಣುತ್ತಾಳೆ. ಆದರೆ ಒಂದು ಸಂಜೆ ಮನೆಯ ಮುಂದಿನ ಕೆಂಪು ಮೆಟ್ಟಿಲ ಮೇಲೆ ಅವಳು ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಳು. ಚಿಕ್ಕಪ್ಪ ಎದುರಿಗೆ ಕುಕ್ಕರುಗಾಲಲ್ಲಿ ಕೂತು, “ಅಮ್ಮ, ಹಲ್ಲಿದ್ರೆ ಸ್ವಲ್ಪ ತೋರ್ಸು” ಅಂದ. ಒಂದೂ ಹಲ್ಲಿಲ್ಲದ ಅಜ್ಜಿ ಬಾಯಿ ತುಂಬ ನಕ್ಕಳು. ಅವಳ ಹೊಟ್ಟೆ ಅಲುಗಿದ್ದು ನನ್ನ ಬೆನ್ನಿಗೆ ಗೊತ್ತಾಯಿತು. ಬೆಳಕು ಬಿತ್ತು. ‘ಟಕ್’ ಎಂದು ಸದ್ದಾಯಿತು. ಆ ಫೋಟೋ ಯಾವ ಆಲ್ಬಮ್ಮಿನಲ್ಲೂ ಇಲ್ಲ. ನಗುವ ಅಜ್ಜಿಯ ಬೇರೆ ಫೋಟೋವೂ ಇಲ್ಲ.

ಈ ವರ್ಷ ಹಬ್ಬಕ್ಕೆ ಮುಂಚೆ ಚಿಕ್ಕಮ್ಮ ಜೆ.ಪಿ. ನಗರದ ತಮ್ಮ ಫ್ಲ್ಯಾಟಿನ ಸಜ್ಜಾ ಖಾಲಿ ಮಾಡುತ್ತಾ ನನಗೆ ಫೋನ್ ಮಾಡಿದಳು. “ನಿಮ್ ಚಿಕ್ಕಪ್ಪ ಈಗ ಕ್ಯಾಮೆರಾ ಮುಟ್ಟೋದೇ ಇಲ್ಲ, ಆ ಸಾಮಾನು ಬೇಕಾದ್ರೆ ಬಂದು ತಗೊಂಡ್ಹೋಗು. ಇಲ್ದಿದ್ರೆ ಹಳೇ ಪೇಪರ್‌ನವನಿಗೆ ಹಾಕ್ಬಿಡ್ತೀನಿ.” ಬನಶಂಕರಿಯಿಂದ ಹೊರಟು, ಸಾರಕ್ಕಿ ಸಿಗ್ನಲ್ಲಿನಲ್ಲಿ ಆಟೋ ನಿಂತಷ್ಟು ಹೊತ್ತೂ ನನಗೆ ಇನ್ನೊಂದು ರೀಲಿನದೇ ಯೋಚನೆ. ಅಲ್ಲಿ ಸಿಕ್ಕಿದ್ದು ಕ್ಯಾಮೆರಾದ ಜೊತೆ ಒಂದು ಬಿಸ್ಕತ್ತಿನ ಡಬ್ಬಿ, ಡಬ್ಬಿಯಲ್ಲಿ ಮೂರು ರೀಲು. ಮೂರೂ ಹೊಸವು, ಒಡೆಯದ ಪ್ಯಾಕೆಟ್ಟುಗಳು. ಕ್ಯಾಮೆರಾದೊಳಗೇ ಒಂದು ಉಳಿದಿರಬಹುದೆಂದು ಮನೆಗೆ ಬಂದು ಬಚ್ಚಲಮನೆಯ ದೀಪ ಆರಿಸಿ, ಬಾಗಿಲ ಸಂದಿಗೆ ಟವೆಲ್ ತುರುಕಿ, ಕತ್ತಲಲ್ಲಿ ಅದರ ಬೆನ್ನು ತೆರೆದು ಬೆರಳಾಡಿಸಿದೆ. ಕೈಗೆ ಸಿಕ್ಕಿದ್ದು ಅಂಟಂಟು. ಬೆಳಕು ಒಳಗೆ ಬರದಿರಲೆಂದು ಅಂಚಿಗೆ ಹಾಕಿದ್ದ ಸ್ಪಂಜು ಕರಗಿ ಡಾಂಬರಾಗಿತ್ತು. ರೀಲಿರಲಿಲ್ಲ.

ಬೇಜಾರಾಯಿತು, ನಿಜ. ಆದರೆ ಕೈಯೆಲ್ಲ ಡಾಂಬರಾದ ಮೇಲೆ ಸುಮ್ಮನೆ ಕೂರುವುದು ಕಷ್ಟ. ರಿಪೇರಿಯ ವಿಡಿಯೋಗಳನ್ನು ನೋಡಿ, ಹಲ್ಲುಕಡ್ಡಿಗೆ ಹತ್ತಿ ಸುತ್ತಿ, ಸ್ಪಿರಿಟ್ಟಿನಲ್ಲಿ ಅದ್ದಿ ಎಲ್ಲವನ್ನೂ ಕೆರೆದು ತೆಗೆದೆ. ಸ್ಪಂಜಿನ ಜಾಗಕ್ಕೆ ಕಪ್ಪು ವೆಲ್ವೆಟ್ ಆಗುತ್ತದೆಂದು ತಿಳಿದು ಜಯನಗರ ಫೋರ್ತ್ ಬ್ಲಾಕಿನ ಬ್ಲೌಸ್ ಪೀಸ್ ಅಂಗಡಿಗೆ ಹೋದೆ.

“ಎಷ್ಟು ಬೇಕು ಮೇಡಂ?”

“ಒಂದು ಬೆರಳಷ್ಟು.”

“ಬೆರಳಿಗೆ ಬ್ಲೌಸಾ?”

“ಕ್ಯಾಮೆರಾಗೆ.”

ಅವನು ನನ್ನನ್ನೂ ಬಟ್ಟೆಯನ್ನೂ ಒಮ್ಮೆ ನೋಡಿದ. “ಯಾರಿಗಾದ್ರೂ ಹಾಕಿ ಮೇಡಂ, ಅರ್ಧ ಮೀಟರ್‌ಗಿಂತ ಕಮ್ಮಿ ಕಟ್ ಮಾಡಲ್ಲ.” ಉಳಿದ ವೆಲ್ವೆಟ್ ಇನ್ನೂ ನನ್ನ ಬೀರುವಿನಲ್ಲಿದೆ. ದಕ್ಷಿಣ ಬೆಂಗಳೂರಿನ ಅಷ್ಟೂ ಕ್ಯಾಮೆರಾಗಳಿಗೆ ಸಾಲುವಷ್ಟಿದೆ.

ಕೊನೆಗೆ ಫ್ಲ್ಯಾಶಿಗೆ ಹೊಸ ಪೆನ್ಸಿಲ್ ಸೆಲ್ ಹಾಕಿದಾಗ ಅದು ಸೊಳ್ಳೆಯಂತೆ ಕುಂಯ್‌ಗುಟ್ಟುತ್ತಾ ಎದ್ದಿತು. ಅದರ ಬೆನ್ನಿನಲ್ಲಿ ಒಂದು ಪುಟ್ಟ ಕೆಂಪು ಗುಂಡಿ ಇದೆ. ಫ್ಲ್ಯಾಶ್ ಸರಿಯಿದೆಯೇ ಎಂದು ನೋಡಲು ಇರುವ ಗುಂಡಿ ಅದು. ಒತ್ತಿದರೆ ಬೆಳಕು ಬರುತ್ತದೆ, ಕ್ಯಾಮೆರಾ ಸುಮ್ಮನಿರುತ್ತದೆ, ರೀಲು ಖರ್ಚಾಗುವುದಿಲ್ಲ. ಯಾವಾಗಲೋ ಒಮ್ಮೆ ಒತ್ತಬೇಕಾದ ಆ ಗುಂಡಿಯ ಬಣ್ಣವೆಲ್ಲ ಹೋಗಿ, ಬೆರಳಿನ ಗುಳಿ ಬಿದ್ದಿತ್ತು. ಚಿಕ್ಕಪ್ಪನಿಗೆ ಫೋನ್ ಮಾಡಿ ಯಾಕೆಂದು ಕೇಳಿದೆ.

“ಸಿಕ್ಕಾಕೊಂಡೆ,” ಎಂದು ಚಿಕ್ಕಪ್ಪ ನಕ್ಕ. “ನೀವೇನು ಒಬ್ರಾ ಇಬ್ರಾ? ವಾನರ ಸೈನ್ಯ. ಎಲ್ರಿಗೂ ರೀಲು ಎಲ್ಲಿಂದ ತರ್ಲಿ? ಬರೀ ಲೈಟ್ ಬಿಡ್ತಿದ್ದೆ. ಕಲ್ಯಾಣಮಂಟಪದ ಫೋಟೋಗ್ರಾಫರುಗಳೂ ಇದನ್ನೇ ಮಾಡ್ತಿದ್ರು ಕಣೇ.”

“ಹಂಗಾದ್ರೆ ಇನ್ನೊಂದು ರೀಲು?”

“ಯಾವ್ ರೀಲು?”

ಆದರೂ ನನ್ನ ಅಜ್ಜಿಯ ಫೋಟೋ ಗಟ್ಟಿ ಎಂದುಕೊಂಡೆ. ಗುಂಡಿ ಒತ್ತಿದರೆ ಬರೀ ಬೆಳಕು. ಸದ್ದು ಬರುವುದು ಕ್ಯಾಮೆರಾ ನಿಜವಾಗಿ ಕಣ್ಣು ತೆರೆದು ಮುಚ್ಚಿದಾಗ. ನನ್ನ ಕಿವಿಯಲ್ಲಿ ಆ ‘ಟಕ್’ ಇದೆ. ಚೀಲದ ಬಣ್ಣ ತಪ್ಪಿರಬಹುದು, ಸದ್ದು ತಪ್ಪುವುದಿಲ್ಲ ಎಂದು ಡೈರಿಯಲ್ಲಿ ಬರೆದು ಕೆಳಗೆ ಗೆರೆಯನ್ನೂ ಎಳೆದೆ.

ಭಾನುವಾರ ಒಂದು ರೀಲು ತುಂಬಿಸಿಕೊಂಡು ಜೆ.ಪಿ. ನಗರಕ್ಕೆ ಹೋದೆ. ಚಿಕ್ಕಪ್ಪನನ್ನು ಬಾಲ್ಕನಿಯ ಬಿಸಿಲಿಗೆ ಕೂರಿಸಿ, ಇದರ ಡೇಟ್ ಮುಗಿದು ಇಪ್ಪತ್ತು ವರ್ಷವಾಗಿದೆ, ಏನು ಬರುತ್ತದೋ ಗೊತ್ತಿಲ್ಲ ಎಂದೆ.

“ಡೇಟ್ ಮುಗ್ದಿರೋದು ರೀಲಿಂದು ಮಾತ್ರಾನಾ? ತೆಗಿ ತೆಗಿ,” ಅಂದ.

ಚಿಕ್ಕಮ್ಮನನ್ನು ಕರೆದರೆ, “ನಂಗ್ಯಾಕಮ್ಮ, ಮುಖ ನೋಡು ಹೆಂಗಿದೆ” ಎಂದು ಒಳಗೆ ಹೋದಳು. ಚಿಕ್ಕಪ್ಪ ಪೇಪರ್ ಓದುವುದು, ಚಿಕ್ಕಪ್ಪ ತುಳಸಿಗೆ ನೀರು ಹಾಕುವುದು, ಚಿಕ್ಕಪ್ಪ ನನಗೆ ಫೋಟೋ ತೆಗೆಯುವುದನ್ನು ಹೇಳಿಕೊಡುವುದು, ಹೀಗೆ ರೀಲು ಮುಗಿಯಿತು. ರೀಲು ಸುತ್ತುವ ಪುಟ್ಟ ಹಿಡಿಯನ್ನು ಎಷ್ಟು ತಳ್ಳಿದರೂ ಮುಂದಕ್ಕೆ ಹೋಗಲಿಲ್ಲ. ಬಿಸಿಲು ಸಾಕೆಂದು ಚಿಕ್ಕಪ್ಪ ಪೇಪರ್ ಹಿಡಿದು ಒಳಗೆ ಬಂದು ಸೋಫಾದಲ್ಲಿ ಕೂತ, ನಾನೂ ಹಿಂದೆಯೇ ಬಂದೆ. ಅಷ್ಟರಲ್ಲಿ ಚಿಕ್ಕಮ್ಮ ಹಸಿರು ರೇಷ್ಮೆ ಸೀರೆ ಉಟ್ಟು, ಮುಖಕ್ಕೆ ಪೌಡರ್ ಹಾಕಿ, ಫ್ರಿಜ್ಜಿನಲ್ಲಿಟ್ಟಿದ್ದ ಮಲ್ಲಿಗೆ ಮುಡಿದು ಬಂದು ಕುರ್ಚಿಯಲ್ಲಿ ಕೂತಳು.

“ಹೂಂ, ಈಗ ತೆಗಿ.”

ರೀಲು ಮುಗಿಯಿತು ಎನ್ನಲು ಬಾಯಿ ತೆರೆದೆ. ಅವಳು ಸೆರಗು ಸರಿಮಾಡಿಕೊಂಡು ಗಲ್ಲ ಎತ್ತಿದಳು. ನನ್ನ ಹೆಬ್ಬೆರಳು ತಾನೇ ಹೋಗಿ ಆ ಗುಳಿಯಲ್ಲಿ ಕೂತಿತು. ಬೆಳಕು ಬಿತ್ತು. ಆಮೇಲೆ ನಿಶ್ಶಬ್ದ. ಸದ್ದಿನ ವಿಷಯ ನನಗೆ ಮರೆತೇಹೋಗಿತ್ತು. ಚಿಕ್ಕಮ್ಮನ ಹುಬ್ಬು ಇನ್ನೇನು ಗಂಟಿಕ್ಕಬೇಕು, ನನ್ನ ಹಿಂದಿನ ಸೋಫಾದಿಂದ ‘ಟಕ್’ ಎಂದು ಕೇಳಿಸಿತು.

ಚಿಕ್ಕಪ್ಪ ಪೇಪರಿನಿಂದ ತಲೆಯನ್ನೇ ಎತ್ತಿರಲಿಲ್ಲ.

“ಕಣ್ ಮುಚ್ಬಿಟ್ಟೆ ಅನ್ಸತ್ತೆ, ಇನ್ನೊಂದು ತೆಗಿ,” ಅಂದಳು ಚಿಕ್ಕಮ್ಮ. ಬೆಳಕು ಬಿಟ್ಟೆ. ಸೋಫಾ ಮತ್ತೆ ‘ಟಕ್’ ಎಂದಿತು. ನಾಲಿಗೆಯನ್ನು ಅಂಗುಳಿಗೆ ಒತ್ತಿ ಬಿಟ್ಟ ಸದ್ದು. ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ಕೈಯಲ್ಲಿದ್ದ ಕ್ಯಾಮೆರಾವೇ ಅಂದಿತೇನೋ ಎಂದು ನಾನೇ ಒಮ್ಮೆ ಅದನ್ನು ನೋಡಿದೆ.

ರೀಲು ತೊಳೆಸಿಕೊಂಡು ಬಂದೆ. ಫೋಟೋಗಳೆಲ್ಲ ನೇರಳೆಹಣ್ಣು ತಿಂದ ನಾಲಿಗೆಯ ಬಣ್ಣಕ್ಕೆ ತಿರುಗಿವೆ, ಮೇಲೆ ರವೆ ಚೆಲ್ಲಿದಂತೆ ಕಾಳುಕಾಳು. ಅದರೊಳಗೆ ಚಿಕ್ಕಪ್ಪ ಮಾತ್ರ ಬಹಳ ಚೆನ್ನಾಗಿದ್ದಾನೆ. ಚಿಕ್ಕಮ್ಮ ಒಂದೊಂದನ್ನೇ ತಿರುವಿ, ಕೊನೆಯದನ್ನು ಮೇಜಿನ ಮೇಲಿಟ್ಟು ಕೇಳಿದಳು.

“ನಂದೆಲ್ಲಿ?”

“ಅದು ಇನ್ನೊಂದು ರೀಲಲ್ಲಿದೆ ಚಿಕ್ಕಮ್ಮ. ಇನ್ನೂ ತೊಳೆಸಿಲ್ಲ.”

ಚಿಕ್ಕಪ್ಪನಿಗೆ ಕಾಫಿ ನೆತ್ತಿಗೇರಿತು.

ಮನೆಗೆ ಬಂದವಳೇ ಎರಡನೇ ರೀಲು ತುಂಬಿಸಿದ್ದೇನೆ. ಈ ಭಾನುವಾರ ಮೂವತ್ತಾರೂ ಚಿಕ್ಕಮ್ಮನವೇ. ಸೀರೆ ಹಸಿರೇ ಇರಲಿ ಎಂದು ಏನೋ ನೆಪ ಹೇಳಿ ಒಪ್ಪಿಸಿದ್ದೇನೆ. ಡೈರಿಯಲ್ಲಿ ಎಳೆದಿದ್ದ ಗೆರೆಯ ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದೆ. ಅದನ್ನು ಹಾಕಿದ ಮೇಲೂ ಅಜ್ಜಿಯ ಹೊಟ್ಟೆ ನನ್ನ ಬೆನ್ನಿಗೆ ತಾಗಿ ಅಲುಗಿದ್ದು ಹಾಗೇ ಇದೆ.

ಎದುರಿಗೆ ಕೇಳಿದರೆ ಚಿಕ್ಕಪ್ಪ ಮಾತು ಹಾರಿಸುತ್ತಾನೆಂದು ನಿನ್ನೆ ವಾಟ್ಸ್ಆ್ಯಪಿನಲ್ಲಿ ಬರೆದು ಕಳಿಸಿದೆ. ಎರಡು ನೀಲಿ ಗೀಟು ಆಗಲೇ ಬಂದವು. ಇವತ್ತು ಬೆಳಿಗ್ಗೆ ಎಂದಿನಂತೆ ಇಬ್ಬನಿ ಬಿದ್ದ ಗುಲಾಬಿಯ ಶುಭೋದಯವೂ ಬಂತು. ಅದರ ಮೇಲುಗಡೆ ನನ್ನ ಪ್ರಶ್ನೆ ಹಾಗೇ ಕೂತಿದೆ:

“ಚಿಕ್ಕಪ್ಪ, ಆವತ್ತು ಮೆಟ್ಟಿಲ ಮೇಲೆ ಅಜ್ಜಿ ನಕ್ಕಾಗ ‘ಟಕ್’ ಅಂದಿದ್ದು ಕ್ಯಾಮೆರಾನಾ, ನೀವಾ?”