ಅನ್ನ ಬಿಟ್ಟ ಹರಕೆ

ಕಾಲಿನ ಉರಿ ತಡೆಯಲಾರದೆ ಕುರುಗೋಡಿನ ಪಂಡಿತರ ಬಳಿಗೆ ಹೋದಾಗ ನನಗೆ ನಲವತ್ತು ವರ್ಷ. ನನ್ನ ತಂದೆಗೂ ಹೀಗೆಯೇ ಕಾಲು ಉರಿದು, ಆಮೇಲೆ ಗಾಯವಾಗಿ, ಆ ಗಾಯ ಮಾಯದೆಯೇ ಅವರು ತೀರಿಕೊಂಡಿದ್ದರು. ಪಂಡಿತರು ನಾಡಿ ಹಿಡಿದು, "ಸಿಹಿಮೂತ್ರ ಐತ್ರಿ. ಅನ್ನ, ಬೆಲ್ಲ ಮುಟ್ಟಬ್ಯಾಡ್ರಿ. ಜ್ವಾಳದ ರೊಟ್ಟಿ, ಹಾಗಲಕಾಯಿ ಪಲ್ಯ ತಿಂದ್ಕೊಂಡು ಇರ್ರಿ. ಇಲ್ಲಾಂದ್ರ ನಿಮ್ಮ ಅಪ್ಪನ ದಾರೀನ ನಿಮಗೂ" ಎಂದರು.

ಬಳ್ಳಾರಿಯ ಮನೆಯಲ್ಲಿ ಇದು ಕಷ್ಟವಾಗಲಿಲ್ಲ. ಹೆಂಡತಿ ರೊಟ್ಟಿ ಬಡಿದಳು, ನಾನು ಮುಖ ಗಂಟು ಹಾಕಿಕೊಂಡು ತಿಂದೆ. ಕಷ್ಟವಿದ್ದದ್ದು ಸಿರುಗುಪ್ಪದಲ್ಲಿ. ಕಚೇರಿಯ ಗುಮಾಸ್ತನಾದ ನಾನು ಆ ವರ್ಷದಿಂದ ಲೆಕ್ಕದ ಕೆಲಸಕ್ಕೆಂದು ವರ್ಷಕ್ಕೊಮ್ಮೆ ಒಂದು ತಿಂಗಳು ಅಲ್ಲಿರಬೇಕಾಗಿತ್ತು. ಊಟಕ್ಕೆ ವಯಸ್ಸಾದ ವಿಧವೆಯೊಬ್ಬರು ನಡೆಸುತ್ತಿದ್ದ ಊಟದ ಮನೆಯೇ ಗತಿ. ಊರವರು ತೆಲುಗಿನಲ್ಲಿ ಪೂಟಕೂಳಮ್ಮ ಎನ್ನುತ್ತಿದ್ದರು, ನಾನು ಬರೀ ಅಮ್ಮ ಎನ್ನುತ್ತಿದ್ದೆ.

"ನನಗ ರೊಟ್ಟಿ ಹಾಕ್ರಿ ಅಮ್ಮಾ" ಎಂದದ್ದೇ ತಡ, ಅನ್ನದ ಕೈ ಅಲ್ಲೇ ನಿಂತಿತು.

"ಕಾಲುವಿ ನೀರಿನ ಅಕ್ಕಿ ಮನಿ ತುಂಬ ಅದ. ಎಲಿ ಮುಂದ ಕೂತವರಿಗೆ ರೊಟ್ಟಿ ಹಾಕಿದೆ ಅಂದ್ರ ಜನ ನನ್ನ ಮುಖಕ್ಕ ಉಗುಳ್ತಾರ, ರಾಯರ."

ಪಂಕ್ತಿಯಲ್ಲಿ ಊರ ಜನ ಕೂತಿದ್ದರು. ಅವರೆದುರು ರೋಗ ಎನ್ನಲು ನನಗೆ ನಾಚಿಕೆ. ಗುಮಾಸ್ತನ ಠೀವಿ ಕಡಿಮೆಯದಲ್ಲ. "ಹರಕಿ ಅಮ್ಮಾ. ಮಕ್ಕಳಿಲ್ಲ. ಮಗು ಆಗೋತನಕ ಅನ್ನ ಬಿಟ್ಟೀನಿ" ಎಂದುಬಿಟ್ಟೆ. ಬಳ್ಳಾರಿಯಲ್ಲಿ ನನ್ನ ಮೂರು ಮಕ್ಕಳು ಅದೇ ಹೊತ್ತಿಗೆ ಜುಟ್ಟು ಹಿಡಿದು ಜಗಳಾಡುತ್ತಿದ್ದಿರಬೇಕು.

ಹರಕೆ ಎಂದ ಮೇಲೆ ಅಮ್ಮ ಎದುರಾಡಲಿಲ್ಲ. ತಿಂಗಳೆಲ್ಲ ಬಿಸಿ ರೊಟ್ಟಿ, ಹಾಗಲಕಾಯಿ, ಪುಂಡಿಪಲ್ಯ. ಕಾಲಿನ ಉರಿ ತಗ್ಗಿತು. ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ ಎಂದು ನನಗೆ ನಾನೇ ಶಹಬ್ಬಾಸ್ ಹೇಳಿಕೊಂಡೆ.

ಮರುವರ್ಷ ಹೋದಾಗ ಅಮ್ಮ ಇಳಿದುಹೋಗಿದ್ದರು. ಊಟ ಮುಗಿಸಿ ಹಿತ್ತಲಲ್ಲಿ ಕೈ ತೊಳೆದು ಬರುವಾಗ ಅಡುಗೆಮನೆಯ ಬಾಗಿಲಿನಿಂದ ಕಂಡೆ. ದಿನಕ್ಕೆ ಒಂದೇ ಹೊತ್ತು ಉಣ್ಣುವ ಆ ಮುದುಕಿ, ಹಲ್ಲಿಲ್ಲದ ಬಾಯಿಗೆಂದು ರೊಟ್ಟಿಯ ಚೂರುಗಳನ್ನು ಮಜ್ಜಿಗೆಯಲ್ಲಿ ನೆನೆಹಾಕುತ್ತಿದ್ದರು. ಪಕ್ಕದ ತಪ್ಪಲೆಯಲ್ಲಿ ಅನ್ನ ಹಾಗೇ ಇತ್ತು.

"ಅನ್ನ ಉಳದದಲ್ಲ, ಅಮ್ಮಾ?"

"ನಾನೂ ಬಿಟ್ಟೀನಿ, ರಾಯರ. ಒಬ್ರು ಕೇಳಿದ್ರ ದೇವರು ತಡಾ ಮಾಡ್ತಾನ, ಇಬ್ರು ಕೇಳಿದ್ರ ಕೊಟ್ಟಾನು ಅಂತ. ನನಗಂತೂ ಮಕ್ಕಳಾಗಲಿಲ್ಲ. ನಿಮಗಾದ್ರೂ ಆಗಲಿ."

ನನಗೆ ನನ್ನ ಮೇಲೇ ಹೇಸಿಗೆಯಾಯಿತು. ನಿಜ ಹೇಳಿ ಕಾಲಿಗೆ ಬೀಳಬೇಕೆನಿಸಿತು. ಆದರೆ ಹೇಳಿದರೆ ಹಗುರಾಗುವವನು ನಾನು. ದೇವರಿಗೆ ಮಾತು ಕೊಟ್ಟವರು ಅವರು. ನನ್ನ ಮಾತು ಸುಳ್ಳೆಂದು ತಿಳಿದರೂ ತಮ್ಮ ಹರಕೆಯನ್ನು ಅವರು ಬಿಡುವವರಲ್ಲ. ಮಗು ಹುಟ್ಟಿದರೆ ಮಾತ್ರ ಅವರಿಗೆ ಅನ್ನ.

ಮರುದಿನ ಊಟಕ್ಕೆ ಹೋಗುತ್ತಲೇ, "ಬಳ್ಳಾರಿಯಿಂದ ಕಾಗದ ಬಂತು ಅಮ್ಮಾ. ಹೆಣ್ಣು ಮಗು. ದೃಷ್ಟಿ ಆದೀತು ಅಂತ ಬಸುರಿ ಸುದ್ದಿ ಹೇಳಿರಲಿಲ್ಲ" ಎಂದೆ.

ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಉಳಿದವರನ್ನೆಲ್ಲ ಕಾಯಿಸಿ ಪಾಯಸ ಮಾಡಿದರು. ನನ್ನ ಎಲೆಗೆ ಅನ್ನ ರಾಶಿ ಹಾಕಿ ತುಪ್ಪ ಸುರಿದರು. "ಇನ್ನ ರೊಟ್ಟಿ ಯಾಕ್ರಿ? ಹೊಟ್ಟಿ ತುಂಬ ಉಣ್ರಿ. ನೀವು ಉಂಡ ಮ್ಯಾಲೆ ನಾನೂ ಉಣ್ತೀನಿ."

ತಂದೆಯ ಕಾಲು ನೆನಪಾಯಿತು. ಆದರೂ ಒಂದಗುಳೂ ಬಿಡದೆ ಉಂಡೆ. ಪಾಯಸ ಬಡಿಸುತ್ತಾ ಅಮ್ಮ, "ಕೂಸಿಗೆ ಏನು ಹೆಸರಿಡ್ತೀರಿ?" ಎಂದರು.

ನಿಮ್ಮ ಹೆಸರೇ ಎನ್ನಲು ಬಾಯಿ ತೆರೆದೆ. ಎರಡು ವರ್ಷವೂ ಬಂದು ಅವರ ಕೈಯ ರೊಟ್ಟಿ ತಿಂದಿದ್ದ ನನಗೆ ಅವರ ಹೆಸರು ಗೊತ್ತಿರಲಿಲ್ಲ.