ಹೊಸಿಲ ಮೇಲೆ ಕೂತ ವಾರ್ಡನಮ್ಮ

ಮೊನ್ನೆ ಬಾಗಲಗುಂಟೆಯ ಮೊಬೈಲ್ ರಿಪೇರಿ ಅಂಗಡಿಯ ಮುಂದೆ ನಿಂತಿದ್ದಾಗ ಒಳಗಿನಿಂದ ಬೆಸುಗೆಯ ಹೊಗೆ ಮೂಗಿಗೆ ಬಡಿಯಿತು. ಎಂಬತ್ತರ ದಶಕದ ಆರಂಭದಲ್ಲಿ ಪೀಣ್ಯದ ಒಂದು ರೇಡಿಯೋ ಭಾಗಗಳ ಕಾರ್ಖಾನೆಯಲ್ಲಿ ದಿನವಿಡೀ ಬೆಸುಗೆ ಹಾಕುತ್ತಿದ್ದ ನಮ್ಮ ಸೀರೆಯಲ್ಲಿ, ಜಡೆಯಲ್ಲಿ, ಎಲ್ಲ ಕಡೆ ಇದೇ ವಾಸನೆ. ಸಂಜೆ ಹಾಸ್ಟೆಲ್ಲಿಗೆ ಬಂದರೆ ವಾರ್ಡನಮ್ಮ ಮೂಗಿಗೆ ಸೆರಗು ಹಿಡಿದು, "ಮೊದ್ಲು ಬಚ್ಚಲಿಗೆ ನಡೀರೇ, ಆಮೇಲೆ ಕಾಫಿ" ಎನ್ನುತ್ತಿದ್ದರು.

ಹಾಸ್ಟೆಲ್ ಎಂದರೆ ದೊಡ್ಡದೇನಲ್ಲ. ಕೆಲಸಕ್ಕೆ ಹೋಗುವ ಹುಡುಗಿಯರಿಗೆಂದು ಚರ್ಚಿನವರು ನಡೆಸುತ್ತಿದ್ದ ಹೆಂಚಿನ ಮನೆ. ಇದ್ದವರಲ್ಲಿ ಮುಕ್ಕಾಲು ಪಾಲು ನಮ್ಮಂಥ ಒಕ್ಕಲು ಮನೆಯ ಹುಡುಗಿಯರೇ. ವಾರ್ಡನಮ್ಮ ಕೋಣೆಗಳಿಗೆ ನಂಬರ್ ಹಾಕಿಸದೆ, ಬೈಬಲ್ಲಿನಲ್ಲಿ ಯೇಸುವಿಗಿರುವ ಹೆಸರುಗಳನ್ನು ಬರೆಸಿದ್ದರು. ನಮ್ಮದು 'ಜೀವದ ರೊಟ್ಟಿ'. ಪಕ್ಕದ್ದು 'ದ್ರಾಕ್ಷಿಬಳ್ಳಿ', ಎದುರಿನದು 'ಒಳ್ಳೆಯ ಕುರುಬ'. ಊಟಕ್ಕೆ ತಡವಾದರೆ 'ರೊಟ್ಟಿಯವರು ಉಪವಾಸ' ಎಂದು ಉಳಿದವರು ನಮ್ಮನ್ನು ಗೋಳು ಹೊಯ್ದುಕೊಳ್ಳುತ್ತಿದ್ದರು. ವಾರ್ಡನಮ್ಮನೂ ನಗುತ್ತಿದ್ದರು.

ದೇವರಿಗೆ ಇದೆಂಥ ಹೆಸರು ಎಂದು ನಾನೇ ಒಮ್ಮೆ ಕೇಳಿದ್ದೆ. ನಮ್ಮೂರಿನ ದೇವರಿಗಾದರೆ ಬಾಯಿ ತುಂಬುವ ಬಿರುದುಗಳಿದ್ದವು. "ರಾಜಾಧಿರಾಜ ಅಂತನೂ ಕರೀತಾರಮ್ಮ, ಇಲ್ಲ ಅನ್ನಲ್ಲ," ಎಂದರು. "ಆದ್ರೆ ಹಸಿದೋರಿಗೆ ರಾಜನ್ನ ಕಟ್ಕೊಂಡು ಏನಾಗ್ಬೇಕು? ರೊಟ್ಟಿ ಬೇಕು." ಯೇಸುವಿಗೆ ಕುರಿಮರಿ ಎಂಬ ಹೆಸರೂ ಇದೆಯೆಂದು ಹೇಳಿದ ದಿನ ನಮಗೆಲ್ಲ ಇನ್ನೂ ಗೊಂದಲ. ಕಾಯುವ ಕುರುಬನೂ ಅವನೇ, ಕುರಿಮರಿಯೂ ಅವನೇ ಎಂದರೆ ಹೇಗೆ? "ಕಾಯೋನಿಗೆ ಕುರಿಯ ಭಯ ಗೊತ್ತಿರ್ಬೇಕಲ್ವೇನೇ" ಎಂದು ಅಕ್ಕಿ ಆರಿಸುತ್ತಾ ಕೂತರು. ಹೆಚ್ಚು ವಿವರಿಸುವ ಪೈಕಿಯಲ್ಲ ಅವರು. ನಮ್ಮನ್ನು ಪ್ರಾರ್ಥನೆಗೆ ಬಾ ಎಂದೂ ಕರೆದವರಲ್ಲ...

ಒಂದು ಭಾನುವಾರ ಬೆಳಿಗ್ಗೆ ಆನೇಕಲ್ ಕಡೆಯ ನಮ್ಮೂರಿನಿಂದ ಅಪ್ಪ ಬಂದ. ಸೋದರಮಾವನ ಹೆಂಡತಿ ತೀರಿಕೊಂಡು ವರ್ಷವೂ ಆಗಿರಲಿಲ್ಲ, ಅವನಿಗೇ ನನ್ನನ್ನು ಕೊಡುವುದೆಂದು ಮನೆಯಲ್ಲಿ ಮಾತಾಗಿತ್ತು. ನನ್ನನ್ನು ಯಾರೂ ಕೇಳಿರಲಿಲ್ಲ. ಅಪ್ಪ ಅಂಗಳದಿಂದಲೇ ಕೂಗಿದ. "ಬಟ್ಟೆ ಗಂಟು ಕಟ್ಕಳವ್ವ, ಬಸ್ಸಿಗೆ ಒತ್ತಾಯ್ತದೆ." ಹೋದರೆ ಕೆಲಸ ಹೋಯಿತು, ನಾನು ಮತ್ತೆ ಈ ಕಡೆ ಬರುವಂತಿಲ್ಲ. ಅಪ್ಪನಿಗೆ ಎದುರಾಡಿ ಅಭ್ಯಾಸವಿಲ್ಲದ ನಾನು ವಾರ್ಡನಮ್ಮನ ಬೆನ್ನ ಹಿಂದೆ ನಿಂತು ಅಳತೊಡಗಿದೆ.

ಅವರು ಒಮ್ಮೆ ನನ್ನ ಮುಖ ನೋಡಿದರು. ಆಮೇಲೆ ಮಂಡಿನೋವಿಗೆ "ಯಪ್ಪಾ" ಎನ್ನುತ್ತಾ ಹೋಗಿ ಹೊಸಿಲ ಮೇಲೆ ಕೂತುಬಿಟ್ಟರು, ಬಾಗಿಲಿಗೆ ಅಡ್ಡವಾಗಿ.

ಅಪ್ಪ ತಬ್ಬಿಬ್ಬಾದ. ಹೊಸಿಲ ಮೇಲೆ ಕೂರುವುದೇ ನಮ್ಮಲ್ಲಿ ಅಪಶಕುನ. ಇನ್ನು ಕೂತ ಹೆಂಗಸನ್ನು ದಾಟಿ ಹೋಗುವುದು ಅವನ ಜನ್ಮದಲ್ಲಿ ಆಗದ ಮಾತು. "ಒಸ್ಲು ಮ್ಯಾಲೆ ಇಂಗೆ ಕೂರಬಾರ್ದು ತಾಯಿ, ಏಳಿ" ಎಂದು ಬೇಡಿಕೊಂಡ.

"ಯಜಮಾನ್ರೇ, ನಿಮ್ಮ ಹೊಲದಲ್ಲಿ ಗೊಬ್ಬರಕ್ಕೆ ಅಂತ ಕುರಿ ಮಂದೆ ನಿಲ್ಲಿಸ್ತೀರಲ್ಲ, ಆ ಮುಳ್ಳುಬೇಲಿಗೆ ಬಾಗ್ಲು ಎಂಥದ್ದು ಇರುತ್ತೆ?"

"ಅದಕ್ಕೆಲ್ಲಿ ಬಾಗ್ಲು? ಸಂದೀಲಿ ಕುರುಬನೇ ಅಡ್ಡ ಮಲಗ್ತಾನೆ."

"ನಮ್ಮ ಯೇಸುಸ್ವಾಮಿಗೆ ಬಾಗಿಲು ಅಂತನೂ ಒಂದು ಹೆಸರಿದೆ. ಅವನ ಹೆಸರು ಹೇಳ್ಕೊಂಡು ಈ ಮನೆ ಕಾಯ್ತಿದೀನಿ ನಾನು. ನಿಮ್ಮ ಮಗಳು ಬರ್ತೀನಿ ಅಂದ್ರೆ ಈಗ್ಲೇ ಎದ್ದು ದಾರಿ ಬಿಡ್ತೀನಿ." ನನ್ನ ಕಡೆ ತಿರುಗಿದರು. "ಏನಮ್ಮ, ಏಳ್ಲಾ?"

ನನ್ನ ಜೀವನದಲ್ಲಿ ನನ್ನನ್ನು ಯಾರಾದರೂ ಕೇಳಿದ್ದು ಅದೇ ಮೊದಲು. ಅಪ್ಪನ ಮುಖ ನೋಡಿದರೆ ಮಾತು ಹೊರಡದೆಂದು ನೆಲ ನೋಡುತ್ತಾ ಹೇಳಿದೆ. "ಏಳ್ಬೇಡಿ ಅಮ್ಮ."

ಅಪ್ಪ ತುಂಬ ಹೊತ್ತು ಅಂಗಳದಲ್ಲೇ ನಿಂತಿದ್ದ. ಕೊನೆಗೆ ಮೆಟ್ಟಿಲ ಮೇಲೆ ಕುಕ್ಕರಿಸಿದ. ವಾರ್ಡನಮ್ಮ ಕೂತಲ್ಲಿಂದಲೇ ಕಾಫಿ ತರಿಸಿ ಅವನ ಕೈಗೆ ಕೊಟ್ಟರು. ಇಬ್ಬರೂ ರಾಗಿ ಬೆಳೆಯ ಬಗ್ಗೆ ಮಾತಾಡಿದರು ಎಂದು ನೆನಪು... ಅಪ್ಪ ಒಬ್ಬನೇ ಬಸ್ಸಿಗೆ ಹೋದ. ಅವನು ತಿರುವು ದಾಟಿದ ಮೇಲೆ ನಾವು ಇಬ್ಬರು ಹುಡುಗಿಯರು ಕೈಹಿಡಿದು ಅವರನ್ನು ಎಬ್ಬಿಸಬೇಕಾಯಿತು.

ನಾನು ಕೆಲಸ ಬಿಡಲಿಲ್ಲ. ಮದುವೆಯಾದದ್ದು ನಾನು ಒಪ್ಪಿದವರನ್ನು. ಆ ಮದುವೆಗೆ ಅಪ್ಪ ಮುನಿಸಿಲ್ಲದೆ ಬಂದ. ಹಾಸ್ಟೆಲ್ ಮುಚ್ಚಿದಾಗ ವಾರ್ಡನಮ್ಮ ಕೊಳ್ಳೇಗಾಲದ ಕಡೆಯ ತಮ್ಮ ಊರಿಗೆ ಹೋದರು. ತೀರಿಕೊಂಡ ಸುದ್ದಿ ಮಣ್ಣಾಗಿ ತಿಂಗಳ ಮೇಲೆ ತಿಳಿಯಿತು. ಆ ದಿನ ಒಲೆ ಹಚ್ಚಲು ನನಗೆ ಮನಸ್ಸಾಗಲಿಲ್ಲ.

ಅಂಗಡಿಯ ಹುಡುಗ ಫೋನು ಸರಿಮಾಡಿ ಕೊಟ್ಟ. ದುಡ್ಡು ಕೊಟ್ಟು ಮನೆಯ ಕಡೆ ನಡೆಯುತ್ತಿದ್ದಾಗ ಒಂದು ಮಾತು ತಲೆಗೆ ಹೊಕ್ಕಿತು. ವಾರ್ಡನಮ್ಮ ಮದುವೆಯಾಗಿರಲಿಲ್ಲ. ಅವರೂ ಒಂದು ಕಾಲಕ್ಕೆ ನನ್ನಂತೆ ಹುಡುಗಿಯಾಗಿದ್ದವರೇ. ಅವರನ್ನು ಕರೆದೊಯ್ಯಲು ಯಾರು ಬಂದಿದ್ದರೋ, ಆಗ ಅವರಿಗಾಗಿ ಯಾರಾದರೂ ಅಡ್ಡ ಕೂತಿದ್ದರೋ ಇಲ್ಲವೋ... ಅಷ್ಟು ವರ್ಷ ಒಂದೇ ಸೂರಿನಡಿ ಇದ್ದೆ, ಕೇಳಬೇಕೆಂದು ಹೊಳೆಯಲಿಲ್ಲ. ಈಗ ಕೇಳೋಣವೆಂದರೆ ಅವರಿಲ್ಲ.