ಬೀಳುವ ಸ್ಟ್ಯಾಂಡ್ ಬೇಕಾಗಿದೆ

ಸ್ನೇಹಿತರೇ, ನಿಮ್ಮಲ್ಲಿ ಯಾರಿಗಾದರೂ ನೆಟ್ಟಗೆ ನಿಲ್ಲದ ಮೊಬೈಲ್ ಸ್ಟ್ಯಾಂಡ್ ಮಾಡಲು ಬರುತ್ತದೆಯೇ? ದೆಹಲಿಯ ಆರ್.ಕೆ.ಪುರಂ ಹತ್ತಿರದವರಾದರೆ ಈಗಲೇ ಬನ್ನಿ.

ಎಂಟನೇ ಕ್ಲಾಸಿನ ಮಗಳಿಗೆ ಡಿಸೈನ್ ಕ್ಲಾಸಿನಲ್ಲಿ ರಟ್ಟಿನ ಸ್ಟ್ಯಾಂಡ್ ಮಾಡಲು ಹೇಳಿದ್ದರು. ಬಿದ್ದರೆ ಯಾಕೆ ಬಿತ್ತೆಂದು ಬರೆದು ಮತ್ತೆ ಮಾಡಬೇಕು. ಅವಳು ಮಾಡಿದ ಎರಡೂ ಬಿದ್ದವು. ನೋಡಲಾರದೆ ನಮ್ಮೆಜಮಾನರು ನಿನ್ನೆ ಮೂರನೆಯದನ್ನು ತಾವೇ ಮಾಡಿಕೊಟ್ಟರು. ಸೆಕ್ಷನ್ ಆಫೀಸರು, ಫೇರ್ ಕಾಪಿ ಆಗದ ಯಾವುದನ್ನೂ ಮೇಲಕ್ಕೆ ಕಳಿಸಿ ಅಭ್ಯಾಸವಿಲ್ಲ.

ಇವತ್ತು ಟೀಚರ್ ಅದನ್ನು ವಾಪಸ್ ಕಳಿಸಿದ್ದಾರೆ. ಬಿದ್ದವು ಎಲ್ಲಿ, ನೋಡಬೇಕಾದ್ದು ಅವನ್ನೇ, ನಾಳೆ ತಾ ಎಂದರಂತೆ.

ಸಂಜೆಯಿಂದ ಇವರು ಸ್ಕೇಲ್ ಹಿಡಿದು, ಅಳತೆ ಮಾಡಿ, ಬೀಳುವ ಸ್ಟ್ಯಾಂಡ್ ಮಾಡುತ್ತಿದ್ದಾರೆ. ಮೊದಲನೆಯದು ನಿಂತಿತು. ಎರಡನೆಯದೂ ನಿಂತಿತು.

"ಏನ್ ಮಾಡಿದ್ರೂ ಬೀಳ್ತಾನೇ ಇಲ್ಲ ಕಣೇ," ಎಂದರು ನನಗೆ.

"ರೆಹನೇ ದೋ ಪಪ್ಪಾ, ಬಿಟ್ಬಿಡಿ, ನಿಮ್ಮಿಂದ ಆಗಲ್ಲ," ಎಂದಳು ಮಗಳು. "ನಾನು ಮಾಡಿದ್ದೇ ಎರಡು ಇದೆಯಲ್ಲ. ಅಮ್ಮ, ಎಲ್ಲಿಟ್ಟಿದ್ದೀಯ?"

ಇಬ್ಬರೂ ನನ್ನ ಮುಖ ನೋಡಿದರು. ಬೆಳಿಗ್ಗೆ ಹಳೇ ಪೇಪರಿನ ಜೊತೆ ಅವೆರಡನ್ನೂ ಕಬಾಡಿವಾಲಾನಿಗೆ ಕೊಟ್ಟು, ಸದ್ಯ ಮನೆ ಚೊಕ್ಕಟವಾಯಿತು ಅಂದುಕೊಂಡವಳು ನಾನೇ.

ಈ ಪ್ರಾಜೆಕ್ಟಿನಿಂದ ಏನು ಕಲಿತೆ ಎಂದು ಬರೆಯಲು ಕೊನೆಯಲ್ಲೊಂದು ಪುಟವಿದೆ. ಇಂಥದ್ದನ್ನು ಇನ್ನು ಮುಂದೆ ಮನೆಗೆ ತರಬಾರದು ಎಂದು ಮಗಳು ಇಂಗ್ಲಿಷಿನಲ್ಲಿ ಅಚ್ಚುಕಟ್ಟಾಗಿ ಬರೆದಿದ್ದಾಳೆ.

ಅದರ ಕೆಳಗೆ ಪೋಷಕರ ಸಹಿಗೆ ಜಾಗ ಬಿಟ್ಟಿದ್ದಾರೆ. ನೀವೇ ಹಾಕಿ, ನೀನೇ ಹಾಕು ಎಂದು ನಾವಿಬ್ಬರೂ ಇನ್ನೂ ಪೆನ್ನು ದಾಟಿಸುತ್ತಿದ್ದೇವೆ.